ಸೈಟಿನ ಪೇಪರ್ ಸರಿಯಿತ್ತು, ನೆಲ ಸರಿಯಿರಲಿಲ್ಲ

ಬೆಂಗಳೂರಿನ ಹೊರವಲಯದಲ್ಲಿ ಸೈಟ್ ನೋಡುತ್ತಿರುವವರು ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ಬನ್ನೇರುಘಟ್ಟ ರಸ್ತೆ ಕಡೆ ನಾನು 30×40 ಸೈಟ್ ತೆಗೆದುಕೊಂಡೆ. ವಕೀಲರಿಗೆ ದುಡ್ಡು ಕೊಟ್ಟು ಇಸಿ (ಆಸ್ತಿಯ ಮೇಲಿನ ಸಾಲ, ವ್ಯವಹಾರಗಳ ದಾಖಲೆ), ಮದರ್ ಡೀಡ್ (ಆಸ್ತಿಯ ಮೂಲ ಪತ್ರ), ಖಾತೆ ಎಲ್ಲ ನೋಡಿಸಿದ್ದೆ. ನೆಲ ಒಂದನ್ನು ಬಿಟ್ಟು.

ಸುಳಿವು ಸಂಪು ತೋಡುವಾಗಲೇ ಸಿಕ್ಕಿತ್ತು. ಆರಡಿ ಇಳಿಯುವಷ್ಟರಲ್ಲಿ ಹೆಂಚಿನ ಚೂರು, ಹಾಲಿನ ಪ್ಯಾಕೆಟ್, ಒಂಟಿ ಹವಾಯಿ ಚಪ್ಪಲಿ ಬಂದವು. ಮೇಸ್ತ್ರಿ ಹಾರೆ ಹಾಕಿದರೆ ಮೊಸರನ್ನಕ್ಕೆ ಚಮಚ ಇಳಿದ ಹಾಗೆ ಇಳಿಯಿತು. "ಇದು ತುಂಬಿಸಿರೋ ಮಣ್ಣು ಸಾರ್" ಅಂದ. ಬ್ರೋಕರ್‌ಗೆ ಫೋನ್ ಮಾಡಿದೆ. "ಲೆವೆಲ್ ಮಾಡೋಕೆ ಹಾಕಿರ್ತಾರೆ, ಎಲ್ಲ ಕಡೆ ಹಾಗೇ" ಅಂದ. ನಂಬಿದೆ. ಲೋನ್ ಬಡ್ಡಿ ಶುರುವಾಗಿತ್ತು, ನನಗೂ ಆತುರ.

ಎರಡನೇ ಮಳೆಗಾಲಕ್ಕೆ ಬಚ್ಚಲ ನೀರು ಜಾಲರಿ ಬಿಟ್ಟು ಬಾಗಿಲ ಕಡೆ ಹರಿಯತೊಡಗಿತು. ಆಮೇಲೆ ಹಾಲ್ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು. ಪುಟ್ಟಿ ಹಚ್ಚಿದೆವು. ಮೂರು ತಿಂಗಳಿಗೆ ಅದರಲ್ಲಿ ರೂಪಾಯಿ ನಾಣ್ಯ ನಿಲ್ಲುವಷ್ಟು ಜಾಗವಾಯಿತು.

ವಿಷಯ ಹೇಳಿದ್ದು ಹುಲ್ಲು ಕೊಯ್ಯಲು ಬಂದಿದ್ದ ಹಳೇ ಊರಿನ ಅಜ್ಜ. "ಇಲ್ಲಿ ಬಂಡೆ ಒಡೀತಿದ್ರು ಸ್ವಾಮಿ. ನಾವು ಈಜು ಕಲ್ತಿದ್ದೇ ಈ ಹೊಂಡದಾಗೆ." ಆ ಕ್ವಾರಿಗೆ ಡೆಬ್ರಿಸ್, ಕಸ ಸುರಿದು ಮುಚ್ಚಿ ಸೈಟ್ ಮಾಡಿದ್ದರು. ಕ್ವಾರಿಯ ಅಂಚು ಸರಿಯಾಗಿ ನಮ್ಮ ಹಾಲ್ ಕೆಳಗೆ. ಅಡುಗೆಮನೆ ಲಾಲ್‌ಬಾಗ್ ಗುಡ್ಡದಂಥ ಕಲ್ಲಿನ ಮೇಲೆ, ಬೆಡ್‌ರೂಮ್ ಕೊಳೆಯುವ ಕಸದ ಮೇಲೆ. ಒಂದು ಕದಲುವುದಿಲ್ಲ, ಇನ್ನೊಂದು ಕೂರುತ್ತಲೇ ಇದೆ.

ಇಂಗ್ಲೆಂಡಿನ ರೆಡಿಂಗ್‌ನಲ್ಲಿ 2000ದಲ್ಲಿ ಮನೆಗಳ ಕೆಳಗಿನ ಹಳೇ ಸೀಮೆಸುಣ್ಣದ ಗಣಿ ಕುಸಿದಿತ್ತು. ಅಲ್ಲಿ ನೆಲದಡಿ ಖಾಲಿ ಸುರಂಗ, ನಮ್ಮಲ್ಲಿ ಕಸ ತುಂಬಿದ ಹೊಂಡ, ಅಷ್ಟೇ ವ್ಯತ್ಯಾಸ.

ನೀವು ಮಾತ್ರ ಕಂಪ್ಯೂಟರ್‌ನಲ್ಲಿ ಗೂಗಲ್ ಅರ್ಥ್ ತೆರೆದು ಆ ಜಾಗದ ಹಳೇ ವರ್ಷಗಳ ಚಿತ್ರ ನೋಡಿ. ಐದು ನಿಮಿಷದ ಕೆಲಸ. ನಾನು ಮನೆ ಕಟ್ಟಿದ ಮೇಲೆ ನೋಡಿದೆ, ನನ್ನ ಸೈಟ್ ಇರಬೇಕಾದಲ್ಲಿ ಹಸಿರು ನೀರಿತ್ತು! ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಅಂತ ಇದ್ದರೆ ಯಾಕೆ ಅಂತ ಕೇಳಿ. ಸಾಯಿಲ್ ಟೆಸ್ಟ್ ಒಂದೇ ಕಡೆ ಮಾಡಿಸಬೇಡಿ. ನಮ್ಮ ಅಡುಗೆಮನೆ ಮೂಲೆಯಲ್ಲಿ ತೋಡಿದ್ದರೆ ಮೂರಡಿಗೇ ಬಂಡೆ ಸಿಕ್ಕಿ, ನಾನು ಸಿಹಿ ಹಂಚುತ್ತಿದ್ದೆ. ಮತ್ತೆ, ಲೇಔಟ್ ಆಫೀಸ್ ಬಿಟ್ಟು ಹಳೇ ಊರಿನ ಟೀ ಅಂಗಡಿಯಲ್ಲಿ ಸುಮ್ನೆ ಅರ್ಧ ಗಂಟೆ ಕೂತು ವಿಚಾರಿಸಿ.

ಪಕ್ಕದ ಖಾಲಿ ಸೈಟಿಗೆ ಅದೇ ಬ್ರೋಕರ್ ಮೊನ್ನೆ ಯಾರನ್ನೋ ಕರೆದುಕೊಂಡು ಬಂದಿದ್ದ. ನಾನು ಗೇಟ್ ಹತ್ತಿರ ಹೋಗುವಷ್ಟರಲ್ಲಿ ಕಾರು ಹೊರಟುಹೋಗಿತ್ತು.