ಹಳೆ ಗಾಡಿಗೆ ಹೊಸ ಬಣ್ಣ: ಸ್ಪ್ರೇ ಕ್ಯಾನೋ ಪಿಯುನೋ, ಕಪ್ಪೋ ಸಿಲ್ವರೋ?

ಹಳೆ ಸ್ಪ್ಲೆಂಡರ್‌ಗೆ ಮನೆಯಲ್ಲೇ ಬಣ್ಣ ಹೊಡೆಯಲು ಹೊರಟವರು ಮೊದಲು ನೋಡಬೇಕಾದದ್ದು ಟ್ಯಾಂಕಿನ ಬಾಯಿ. ಪೆಟ್ರೋಲ್ ಹಾಕಿಸುವಾಗ ನಾಲ್ಕು ಹನಿ ಚೆಲ್ಲೇ ಚೆಲ್ಲುತ್ತದೆ. ಅದನ್ನು ತಾಳುವ ಬಣ್ಣ ಬೇಕು.

ಸೈಡ್ ಪ್ಯಾನೆಲ್‌ಗಳಿಗೆ ಸಾದಾ ಅಕ್ರಿಲಿಕ್ ಸ್ಪ್ರೇ ಕ್ಯಾನ್, ಟ್ಯಾಂಕಿಗೆ ಹಾರ್ಡ್‌ನರ್ ಬೆರೆಸುವ ಪಿಯು, ಅಂದರೆ ಪಾಲಿಯುರೆಥೇನ್ ಬಣ್ಣ, ಆರಿಸಿಕೊಂಡೆ. ಕ್ಯಾನಿನ ಅನುಕೂಲ ದೊಡ್ಡದು: ಕಂಪ್ರೆಸರ್ ಬೇಡ, ಗನ್ ತೊಳೆಯುವ ಕೆಲಸವಿಲ್ಲ. ಆದರೆ ಅದು ಥಿನ್ನರ್ ಆರಿ ಒಣಗುವ ಬಣ್ಣ, ಅಷ್ಟೇ. ಪಿಯು ಹಾರ್ಡ್‌ನರ್ ಜೊತೆ ಸೇರಿ ರಾಸಾಯನಿಕವಾಗಿ ಗಟ್ಟಿಯಾಗುತ್ತದೆ. ಪೆಟ್ರೋಲಲ್ಲಿ ನೆನೆಸಿದ ಬಟ್ಟೆ ಒತ್ತಿ ನೋಡಿದಾಗ ಕ್ಯಾನಿನ ಬಣ್ಣ ಮೆತ್ತಗಾಗಿ ಬಟ್ಟೆಗೆ ಹತ್ತಿತು. ಪಿಯು ಕ್ಲಿಯರ್ (ಬಣ್ಣದ ಮೇಲೆ ಕೊನೆಗೆ ಹೊಡೆಯುವ ಪಾರದರ್ಶಕ ಪದರ) ಮೇಲೆ ಕಲೆಯೂ ಉಳಿಯಲಿಲ್ಲ. ಗೇಟಿಗೆ ಹಚ್ಚುವ ಎನಾಮೆಲ್ ಸ್ಟ್ಯಾಂಡಿಗೆ ಸಾಕು, ಬೇರೆಲ್ಲೂ ಬೇಡ.

ಹಾಗಂತ ಪಿಯು ಮನೆಯಲ್ಲಿ ಹೊಡೆಯಿರಿ ಅನ್ನಲಾರೆ. ಹಾರ್ಡ್‌ನರ್‌ನಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕ ಇರುತ್ತದೆ; ಅದರ ತುಂತುರು ಉಸಿರಲ್ಲಿ ಹೋದರೆ ಅಸ್ತಮಾ ಬರಬಹುದು. ಮುಖಕ್ಕೆ ಸುತ್ತಿದ ಟವೆಲ್ಲಾಗಲಿ ಧೂಳಿನ ಮಾಸ್ಕಾಗಲಿ ತಡೆಯುವುದಿಲ್ಲ. ಹಾಗಾಗಿ ಪುಟ್ಟಿ, ಪ್ರೈಮರ್, 600 ಮತ್ತು 800ರ ವಾಟರ್ ಪೇಪರ್ ಉಜ್ಜುವುದೆಲ್ಲ ಮನೆಯಲ್ಲಿ ಮುಗಿಸಿ, ಟ್ಯಾಂಕನ್ನು ಪೇಂಟರ್ ಕೈಗೆ ಕೊಟ್ಟೆ. "ಉಜ್ಜೋದು ನೀವs ಮುಗಿಸೀರಿ, ಅರ್ಧ ಕೆಲಸ ಆತು ಬಿಡ್ರಿ ಅಣ್ಣಾರ" ಅಂದರು. ಖರ್ಚೂ ಇಳಿಯಿತು.

ಕಲಬುರಗಿಯ ಬಿಸಿಲು ಕ್ಯಾನಿಗೆ ಆಗಿಬರುವುದಿಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಬಣ್ಣದ ಹನಿ ಪ್ಯಾನೆಲ್ ಮುಟ್ಟುವ ಮೊದಲೇ ಒಣಗಿ, ಮೇಲ್ಮೈ ಒರಟಾಗುತ್ತದೆ. ಮಳೆಗಾಲದ ತೇವಕ್ಕೆ ಕ್ಲಿಯರ್ ಬೆಳ್ಳಗಾಗುತ್ತದೆ. ಚಳಿಗಾಲದಲ್ಲಿ, ಬಿಸಿಲೇರಿ ಇಬ್ಬನಿ ಆರಿದ ಮೇಲೆ, ಗಾಳಿಯಾಡುವ ಪಡಸಾಲೆಯ ಶಹಾಬಾದ್ ಪರ್ಸಿಯ ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿ ಹೊಡೆಯುವುದೇ ಸರಿ. ಕ್ಯಾನನ್ನು ಒಂದು ಗೇಣು ದೂರ ಹಿಡಿದು ತೆಳುವಾಗಿ ಹೊಡೆಯಿರಿ, ಮುಂದಿನ ಪದರಕ್ಕೆ ಮುಂಚೆ ಸ್ವಲ್ಪ ಆರಲು ಬಿಡಿ.

ಬಣ್ಣದ ಮಾತಿಗೆ ಬಂದರೆ, ಒಡೆದ ಹಳೆ ಪ್ಯಾನೆಲ್ ಮೇಲೆ ಕಪ್ಪು ಮತ್ತು ಮೆಟಾಲಿಕ್ ಸಿಲ್ವರ್ ಎರಡನ್ನೂ ಹೊಡೆದು ಬಿಸಿಲಲ್ಲಿಟ್ಟು ನೋಡಿದೆ. ಆಳಂದ ರಸ್ತೆಯ ಧೂಳನ್ನು ಸಿಲ್ವರ್ ಮುಚ್ಚಿಡುತ್ತದೆ, ಕಪ್ಪು ಎತ್ತಿ ತೋರಿಸುತ್ತದೆ. ಆದರೆ ಮೆಟಾಲಿಕ್‌ನಲ್ಲಿ ಕೈಯ ವೇಗ ತುಸು ಬದಲಾದರೂ ಪಟ್ಟೆಪಟ್ಟೆ ಕಾಣುತ್ತದೆ. ಮುಂದೆ ಗೀರು ಬಿದ್ದರೆ ಅಷ್ಟು ಜಾಗಕ್ಕೆ ತೇಪೆ ಹಾಕಿದ್ದೂ ಹೊಂದುವುದಿಲ್ಲ. ಕಪ್ಪಿಗೆ ಆ ಕಾಟವಿಲ್ಲ, ಉಜ್ಜುವ ಕೆಲಸ ಮಾತ್ರ ಚೊಕ್ಕಾಗಿರಬೇಕು. ಕಪ್ಪನ್ನೇ ಉಳಿಸಿಕೊಂಡೆ, ಕ್ಲಿಯರ್‌ಗೆ ಮುಂಚೆ ತೆಳ್ಳನೆ ಬೆಳ್ಳಿ ಗೆರೆ ಎಳೆಸಿದೆ. ಬೀದರಿನ ಬಿದ್ರಿ ಹೂಜಿಯ ಹಾಗೆ ಅದು ಎದ್ದು ಕಾಣುವುದನ್ನು ನೋಡಿದರೆ ಈಗಲೂ ಖುಷಿಯಾಗುತ್ತದೆ.

ಕಪ್ಪಿಗೆ ಇನ್ನೊಂದು ಕಾರಣವೂ ಇತ್ತು: ನನ್ನ ಆರ್‌ಸಿಯಲ್ಲಿರುವುದು ಅದೇ ಬಣ್ಣ. ಬೇರೆ ಬಣ್ಣ ಹೊಡೆಸುವವರು ಆರ್‌ಟಿಒದಲ್ಲಿ ತಿಳಿಸಿ ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು. ಹುಡುಗರು ಆಸೆಪಡುವ ಆಲಿವ್ ಹಸಿರನ್ನಂತೂ ಹೊಡೆಸುವಂತಿಲ್ಲ; 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಅದನ್ನು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲಿಟ್ಟಿದೆ.