ಚೈನ್‌ಸಾ ಪಿಸ್ಟನ್ ಸೀಜ್ ಆದರೆ: ಹಳೇ ಸಿಲಿಂಡರ್ ಉಳಿಸುವುದೋ, ಅಗ್ಗದ ಕಿಟ್ಟೋ, ಕಂಪನಿ ಕಿಟ್ಟೋ?

ಚೈನ್‌ಸಾ ಪಿಸ್ಟನ್ ಸೀಜ್ ಆಗಿದೆ, ಅಂದರೆ ಸಿಲಿಂಡರಿಗೆ ಉಜ್ಜಿ ಸಿಕ್ಕಿಕೊಂಡಿದೆ ಎಂಬ ಅನುಮಾನವಿದ್ದರೆ ಸೈಲೆನ್ಸರ್ ಬಿಚ್ಚಿ, ಎಕ್ಸಾಸ್ಟ್ ಕಿಂಡಿಗೆ ಟಾರ್ಚ್ ಹಿಡಿದು ನೋಡಿ. ಪಿಸ್ಟನ್ ಮೈಮೇಲೆ ಉದ್ದುದ್ದ ಗೀರು ಇದ್ದು, 150 ಪಿಎಸ್‌ಐ ಆಸುಪಾಸಿನಲ್ಲಿರಬೇಕಾದ ಕಂಪ್ರೆಷನ್ 100ಕ್ಕೂ ಕೆಳಗಿಳಿದಿದ್ದರೆ ಎಂಜಿನ್ ಬಿಚ್ಚದೆ ಗತಿಯಿಲ್ಲ. ಆಗ ಮೂರು ದಾರಿಗಳಿವೆ. ಹಳೇ ಸಿಲಿಂಡರ್ ತೊಳೆದು ಪಿಸ್ಟನ್ ಮಾತ್ರ ಹೊಸದು ಹಾಕುವುದು ಒಂದು. ಬೇರೆ ತಯಾರಕರ ಅಗ್ಗದ ಸಿಲಿಂಡರ್-ಪಿಸ್ಟನ್ ಕಿಟ್ ತರುವುದು ಎರಡನೆಯದು. ಗರಗಸದ ಕಂಪನಿಯದೇ ಕಿಟ್ ಹಾಕುವುದು ಮೂರನೆಯದು. ಮೂರನ್ನೂ ಮಾಡಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ಹೊಸದಾಗಿ ಕೈಹಾಕುವವರು ಮೊದಲು ಹಳೇ ಸಿಲಿಂಡರನ್ನು ಉಳಿಸಲು ನೋಡಬೇಕು. ಅಗ್ಗದ ಕಿಟ್ ಸುಲಭದ ದಾರಿಯಂತೆ ಕಾಣುತ್ತದೆ, ಆದರೆ ಮೂರರಲ್ಲಿ ಹೆಚ್ಚು ಅನುಭವ ಬೇಡುವುದು ಅದೇ.

ಯಾವ ದಾರಿ ಹಿಡಿದರೂ ಮೊದಲು ಪಿಸ್ಟನ್ ಯಾಕೆ ಹಾಳಾಯಿತು ಎಂದು ತಿಳಿಯಲೇಬೇಕು. ಗೀರು ಎಕ್ಸಾಸ್ಟ್ ಕಡೆ ಮಾತ್ರ ಇದ್ದರೆ ಬಿಸಿ ಹೆಚ್ಚಾಗಿದೆ. ಎಲ್ಲಿಂದಲೋ ಗಾಳಿ ಸೋರಿ ಮಿಶ್ರಣ ತೆಳುವಾಗಿರುವ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಸಾಧ್ಯತೆಯೇ ಹೆಚ್ಚು. ಇನ್‌ಟೇಕ್ ಕಡೆ ಮಂಕಾಗಿ ಸವೆದಿದ್ದರೆ ಏರ್ ಫಿಲ್ಟರ್ ದಾಟಿ ದೂಳು ಒಳಗೆ ಹೋಗಿದೆ. ಸುತ್ತಲೂ ಗೀರಿದ್ದರೆ ಪೆಟ್ರೋಲಿಗೆ ಆಯಿಲ್ ಬಿದ್ದಿಲ್ಲ. ಗಾಳಿ ಸೋರಿಕೆ ಹುಡುಕಲು ಸೈಲೆನ್ಸರ್ ಜಾಗಕ್ಕೆ ರಬ್ಬರ್ ಹಾಳೆ ಕೊಟ್ಟು ಬಿಗಿಯಿರಿ, ಕಾರ್ಬ್ಯುರೇಟರ್ ಬಾಯನ್ನೂ ಮುಚ್ಚಿ, ಕೈಪಂಪಿನಿಂದ ಸುಮಾರು 0.5 ಬಾರ್ ಒತ್ತಡ ಕೊಟ್ಟು ಸೋಪು ನೀರು ಹಚ್ಚಿ. ಆಮೇಲೆ ಅಷ್ಟೇ ನಿರ್ವಾತವನ್ನೂ ಕೊಡಿ. ಕ್ರ್ಯಾಂಕ್ ದಂಡದ ಸುತ್ತಲಿನ ಸೀಲಿನ ತುಟಿ ಒತ್ತಡಕ್ಕೆ ಬಿಗಿಯಾಗಿ ಕೂತು, ನಿರ್ವಾತಕ್ಕೆ ಬಿಟ್ಟುಕೊಡುವುದುಂಟು. ಅರ್ಧ ನಿಮಿಷ ಮುಳ್ಳು ಅಲುಗದಿದ್ದರೆ ಸರಿ. ಇದನ್ನು ಬಿಟ್ಟರೆ ಮೂರರಲ್ಲಿ ಯಾವ ಪಿಸ್ಟನ್ ಹಾಕಿದರೂ ಮತ್ತೆ ಅದೇ ಗೀರು.

ಇನ್ನು ಹಳೇ ಸಿಲಿಂಡರ್. ಸೀಜ್ ಆದ ಸಿಲಿಂಡರಿನಲ್ಲಿ ಕಾಣುವ ಬೆಳ್ಳಿ ಬಣ್ಣದ ಪಟ್ಟೆಗಳು ಹೆಚ್ಚಿನ ಸಲ ಗೀರುಗಳೇ ಅಲ್ಲ, ಪಿಸ್ಟನ್ನಿನಿಂದ ಕರಗಿ ಅಂಟಿದ ಅಲ್ಯೂಮಿನಿಯಂ. ಅದರ ಅಡಿಯಲ್ಲಿರುವ ನಿಕಾಸಿಲ್ ಲೇಪ ಅಥವಾ ಕ್ರೋಮ್ ಬಹಳ ಗಟ್ಟಿ. ಹೈಡ್ರೋಕ್ಲೋರಿಕ್ ಆಸಿಡ್ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ನಿಕಾಸಿಲ್ ಅನ್ನು ಮುಟ್ಟುವುದಿಲ್ಲ. ಆದರೆ ಕ್ರೋಮ್ ಅನ್ನು ಬಿಡುವುದಿಲ್ಲ. ಹಾಗಾಗಿ ಕ್ರೋಮ್ ಬೋರಿಗೆ (ಸಿಲಿಂಡರಿನ ಒಳಗೋಡೆಗೆ) ಆಸಿಡ್ ಬೇಡ, ಎಮರಿ ಪೇಪರ್ ಮತ್ತು ತಾಳ್ಮೆ ಸಾಕು. ನಿಕಾಸಿಲ್ ಆದರೆ ಸಿಲಿಂಡರನ್ನು ಎಂಜಿನ್ನಿನಿಂದ ಪೂರ್ತಿ ಬೇರೆ ಮಾಡಿ, ಬಯಲಲ್ಲಿ, ಕೈಗವಸು ಕನ್ನಡಕ ಹಾಕಿ, ಹತ್ತಿ ಸುತ್ತಿದ ಕಡ್ಡಿಯಿಂದ ಪಟ್ಟೆಗಳ ಮೇಲೆ ಮಾತ್ರ ಆಸಿಡ್ ಹಚ್ಚಿ. ಸುರಿಯಬೇಡಿ, ಕಿಂಡಿಗಳ ಒಳಗಿನ ಅಲ್ಯೂಮಿನಿಯಂಗೆ ಲೇಪವಿಲ್ಲ. ನೊರೆ ಬರುತ್ತಿದೆ ಎಂದರೆ ಅಂಟಿದ ಅಲ್ಯೂಮಿನಿಯಂ ಇನ್ನೂ ಇದೆ, ನೊರೆ ನಿಂತರೆ ಮುಗಿಯಿತು. ಒಂದೇ ಚುಕ್ಕಿಯಲ್ಲಿ ಎಷ್ಟು ಹೊತ್ತಾದರೂ ನೊರೆ ನಿಲ್ಲದಿದ್ದರೆ ಅಲ್ಲಿ ಲೇಪವೇ ಕಿತ್ತುಹೋಗಿ ಆಸಿಡ್ ಸಿಲಿಂಡರಿನ ಮೈಯನ್ನೇ ತಿನ್ನುತ್ತಿದೆ. ತಕ್ಷಣ ನಿಲ್ಲಿಸಿ. ಮುಗಿದ ಮೇಲೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಮತ್ತೆ ಸೋಪು ನೀರಿನಿಂದ ತೊಳೆದು, ಒರೆಸಿ ಆಯಿಲ್ ಸವರಿ. ಆಸಿಡ್ ಹೊಗೆಗೆ ಹತ್ತಿರದ ಸ್ಪ್ಯಾನರುಗಳು ತುಕ್ಕು ಹಿಡಿಯುತ್ತವೆ, ಅವನ್ನು ದೂರ ಇಡಿ.

ಆಮೇಲೆ ಉಗುರಿನ ಪರೀಕ್ಷೆ. ಬೋರಿನ ಮೇಲೆ ಅಡ್ಡಡ್ಡಕ್ಕೆ ಉಗುರು ಎಳೆದಾಗ ಎಲ್ಲೂ ತಡೆಯದಿದ್ದರೆ ಸಿಲಿಂಡರ್ ಉಳಿಯಿತು. ತಡೆದರೆ, ಅದೂ ಎಕ್ಸಾಸ್ಟ್ ಕಿಂಡಿಯ ಮೇಲ್ಭಾಗದಲ್ಲಿ, ಆಸೆ ಬಿಡಿ. ಕಬ್ಬಿಣದ ಬೋರಿನ ಬೈಕಿಗೆ ಮಾಡಿಸುವಂತೆ ಇದಕ್ಕೆ ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಲು ಬರುವುದಿಲ್ಲ, ಲೇಪವೇ ಹೋಗಿಬಿಡುತ್ತದೆ. ಬೋರ್ ಉಜ್ಜುವ ಕಲ್ಲಿನ ಹೋನ್ ಕೂಡ ಬೇಡ. 320 ನಂಬರಿನ ಎಮರಿ ಪೇಪರನ್ನು ಬೆರಳಿಗೆ ಸುತ್ತಿ, ಓರೆಯಾಗಿ ಎರಡೂ ದಿಕ್ಕಿಗೆ ಉಜ್ಜಿ ಹೊಳಪು ಮುರಿದರೆ ಸಾಕು.

ಈ ದಾರಿಯಲ್ಲಿ ದುಡ್ಡು ಹೋಗುವುದು ಪಿಸ್ಟನ್, ರಿಂಗ್, ಸರ್ಕ್ಲಿಪ್ (ಪಿಸ್ಟನ್ ಪಿನ್ನನ್ನು ಹಿಡಿದಿಡುವ ಕ್ಲಿಪ್), ಗ್ಯಾಸ್ಕೆಟ್ ಇಷ್ಟಕ್ಕೆ. ಪಿಸ್ಟನ್ ಮಾತ್ರ ಕಂಪನಿಯದೇ ಆಗಬೇಕೆಂದಿಲ್ಲ. ಇಟಲಿಯ ಮೀಟಿಯೋರ್ ಪಿಸ್ಟನ್ನುಗಳು ನಮಗೆ ಅಷ್ಟೇ ನಂಬಿಕೆಯವು. ಆದರೆ ತರಿಸುವ ಮುಂಚೆ ಅಳತೆ ತೆಗೆಯಿರಿ, ಮಾಡೆಲ್ ನಂಬರ್ ಒಂದೇ ನಂಬಬೇಡಿ. ಸ್ಟಿಲ್ ಕಂಪನಿಯ 044 ಗರಗಸದಲ್ಲಿ 10 ಮಿ.ಮೀ. ಮತ್ತು 12 ಮಿ.ಮೀ. ಎರಡು ಗಾತ್ರದ ಪಿಸ್ಟನ್ ಪಿನ್ನುಗಳಿವೆ. ರಿಂಗ್ ದಪ್ಪವೂ 1.2 ಅಥವಾ 1.5 ಮಿ.ಮೀ. ಎಂದು ಬೇರೆಬೇರೆ ಬರುತ್ತದೆ.

ಅಗ್ಗದ ಕಿಟ್ ಕೈಗೆ ಬಂದಾಗ ಹೊಳೆಯುತ್ತಿರುತ್ತದೆ, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುತ್ತದೆ. ನೇರ ಜೋಡಿಸಿದರೆ ಕಷ್ಟ. ದೊಡ್ಡ ದೋಷ ಕಿಂಡಿಗಳ ಅಂಚು: ಕಂಪನಿ ಸಿಲಿಂಡರಿನಲ್ಲಿ ಅಂಚನ್ನು ಸಣ್ಣಗೆ ಇಳಿಜಾರು ಮಾಡಿರುತ್ತಾರೆ, ಇಲ್ಲಿ ಬಹಳ ಸಲ ಚೂಪಾಗಿಯೇ ಬಿಟ್ಟಿರುತ್ತಾರೆ. ರಿಂಗ್ ಪ್ರತಿ ಸುತ್ತಿಗೂ ಆ ಅಂಚಿಗೆ ತಾಗಿ ಕೊನೆಗೆ ಮುರಿಯುತ್ತದೆ. ಹತ್ತಿಕಡ್ಡಿಯನ್ನು ಅಂಚಿನ ಮೇಲೆ ಎಳೆದು ನೋಡಿ. ನೂಲು ಸಿಕ್ಕಿಕೊಂಡರೆ ವಜ್ರದ ಪುಡಿಯ ಸೂಜಿ ಅರದಿಂದ ಮೊಂಡು ಮಾಡಬೇಕು. ಲೇಪದ ಮೇಲೆ ಮಾಮೂಲಿ ಅರ ಜಾರುತ್ತದಷ್ಟೆ. ಅರವನ್ನು ಬೋರಿನಿಂದ ಕಿಂಡಿಯ ಒಳಕ್ಕೆ ತಳ್ಳಿ, ಕಿಂಡಿಯಿಂದ ಬೋರಿಗೆ ಎಳೆದರೆ ಲೇಪದ ಚಕ್ಕೆ ಏಳುತ್ತದೆ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಕೂರುವ ಮುಖಗಳು ಸಮತಟ್ಟಾಗಿವೆಯೇ ಎಂದು ಗಾಜಿನ ಮೇಲಿಟ್ಟು ನೋಡಿ. ಎರಕದ ಚೂರುಗಳನ್ನು ತೆಗೆದು, ಬಿಸಿ ಸೋಪು ನೀರಿನಲ್ಲಿ ಬ್ರಷ್ ಹಾಕಿ ತೊಳೆಯಿರಿ. ಕಿಟ್ಟಿನ ಜೊತೆ ಬರುವ ಸರ್ಕ್ಲಿಪ್ಪನ್ನು ಬಳಸಲೇಬೇಡಿ. ಅದು ಜಿಗಿದು ಹೊರಬಂದರೆ ಹೊಸ ಸಿಲಿಂಡರನ್ನೇ ಸೀಳುತ್ತದೆ. ರಿಂಗನ್ನೂ ಬದಲಿಸಿ ಒಳ್ಳೆಯದು ಹಾಕಿದರೆ ಉತ್ತಮ. ಇಷ್ಟೆಲ್ಲಾ ಮಾಡಿದ ಕಿಟ್ ಚೆನ್ನಾಗಿಯೇ ಓಡುತ್ತದೆ, ಆದರೆ ಅಷ್ಟು ಹೊತ್ತಿಗೆ ಹಳೇ ಸಿಲಿಂಡರ್ ತೊಳೆಯುವುದಕ್ಕಿಂತ ಹೆಚ್ಚು ಕೆಲಸವಾಗಿರುತ್ತದೆ.

ಕಂಪನಿ ಕಿಟ್ಟಿನ ಬಗ್ಗೆ ಹೇಳುವುದು ಕಡಿಮೆ. ಪೆಟ್ಟಿಗೆ ಬಿಚ್ಚಿ, ಒರೆಸಿ, ಆಯಿಲ್ ಸವರಿ ಜೋಡಿಸಿದರಾಯಿತು. ಬೆಲೆ ಮಾತ್ರ ಗರಗಸದ ಬೆಲೆಗೇ ಸವಾಲು ಹಾಕುವಷ್ಟು. ದಿನವಿಡೀ ಮರ ಕೊಯ್ಯುವ ದೊಡ್ಡ ಗರಗಸಕ್ಕೆ, ಲೇಪ ಕಿತ್ತುಹೋಗಿದ್ದರೆ, ಇದೇ ಸರಿ. ಅಪರೂಪಕ್ಕೆ ಹೊರತೆಗೆಯುವ ಸಣ್ಣ ಗರಗಸಕ್ಕೆ ಲೆಕ್ಕ ಕೂಡಿಬರುವುದಿಲ್ಲ.

ಸ್ಟಿಲ್ ಎಂಎಸ್ 250, ಎಂಎಸ್ 290ರಂಥ ಗರಗಸಗಳಲ್ಲಿ ಸಿಲಿಂಡರಿನ ಬುಡವೇ ಕ್ರ್ಯಾಂಕಿನ ಬೇರಿಂಗುಗಳನ್ನು ಹಿಡಿದಿರುತ್ತದೆ. ಸಿಲಿಂಡರ್ ಎತ್ತಿದರೆ ಕ್ರ್ಯಾಂಕೂ ಬಿಚ್ಚಿದಂತೆಯೇ, ಆದ್ದರಿಂದ ಮೂರು ದಾರಿಗೂ ಕೆಲಸ ಒಂದೇ. ಎರಡೂ ಸೀಲ್ ಹೊಸದು ಹಾಕಿ, ಕೂಡುವ ಮುಖಕ್ಕೆ ಪೆಟ್ರೋಲ್ ತಡೆಯುವ ಸೀಲೆಂಟನ್ನು ತೆಳ್ಳಗೆ ಹಚ್ಚಿ. ಕಿಟಕಿಗೆ ಹಚ್ಚುವ ಸಿಲಿಕೋನ್ ಪೆಟ್ರೋಲಿಗೆ ಉಬ್ಬಿ ಬಿಟ್ಟುಕೊಳ್ಳುತ್ತದೆ.

ಜೋಡಣೆ ಮೂರಕ್ಕೂ ಸಮಾನ. ರಿಂಗನ್ನು ಬೋರಿನೊಳಗೆ ನೇರವಾಗಿ ತಳ್ಳಿ ತುದಿಗಳ ನಡುವಿನ ಸಂದು ನೋಡಿ. 45 ಮಿ.ಮೀ. ಬೋರಿಗೆ 0.2 ಮಿ.ಮೀ. ಆಸುಪಾಸು ಒಳ್ಳೆಯದು, 1 ಮಿ.ಮೀ. ದಾಟಿದರೆ ಸವೆದದ್ದು. ಪಿಸ್ಟನ್ ತಲೆಯ ಮೇಲಿನ ಬಾಣ ಎಕ್ಸಾಸ್ಟ್ ಕಡೆಗೆ, ರಿಂಗಿನ ತುದಿಗಳು ರಿಂಗ್ ಕೂರುವ ಕಾಲುವೆಯಲ್ಲಿರುವ ಸಣ್ಣ ಪಿನ್ನಿನ ಎರಡು ಪಕ್ಕಕ್ಕೆ. ತುದಿ ಪಿನ್ನಿನ ಮೇಲೇರಿದ್ದರೆ ಸಿಲಿಂಡರ್ ಇಳಿಯುವುದಿಲ್ಲ, ಒತ್ತಿದರೆ ರಿಂಗ್ ಮುರಿಯುತ್ತದೆ. ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕದೆ ಸರ್ಕ್ಲಿಪ್ಪಿಗೆ ಕೈ ಹಾಕಬೇಡಿ. ಕ್ಲಿಪ್ಪಿನ ಬಾಯಿ ಮೇಲಕ್ಕೋ ಕೆಳಕ್ಕೋ ಇರಲಿ, ಪಕ್ಕಕ್ಕೆ ಬೇಡ. ಅಗ್ಗದ ಕಿಟ್ಟಾದರೆ ಪಿಸ್ಟನ್ ತಲೆಗೂ ಸಿಲಿಂಡರಿನ ಮೇಲ್ಭಾಗಕ್ಕೂ ನಡುವಿನ ಸಂದಿನ ಅಳತೆಯೂ ಕಡ್ಡಾಯ: ಪ್ಲಗ್ ತೂತಿನಿಂದ 1.5 ಮಿ.ಮೀ. ಮೆತ್ತನೆಯ ಬೆಸುಗೆ ತಂತಿಯನ್ನು (ಸೋಲ್ಡರ್) ಪಿಸ್ಟನ್ ಪಿನ್ನಿನ ನೇರಕ್ಕೆ ಗೋಡೆ ಮುಟ್ಟುವವರೆಗೆ ತೂರಿಸಿ ಎಂಜಿನ್ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತುದಿ 0.5 ಮಿ.ಮೀ.ಗಿಂತ ತೆಳುವಾಗಿದ್ದರೆ ದಪ್ಪ ಗ್ಯಾಸ್ಕೆಟ್ ಬೇಕು.

ಮೊದಲ ಟ್ಯಾಂಕಿಗೆ ಲೀಟರ್ ಪೆಟ್ರೋಲಿಗೆ 20ರಿಂದ 25 ಮಿ.ಲೀ. ಒಳ್ಳೆಯ ಟೂ-ಸ್ಟ್ರೋಕ್ ಆಯಿಲ್. ಕಾರ್ಬ್ಯುರೇಟರಿನ ಹೈ ಸ್ಕ್ರೂವನ್ನು (ಪೂರ್ತಿ ಥ್ರಾಟಲಿನಲ್ಲಿ ಪೆಟ್ರೋಲ್ ಪ್ರಮಾಣ ಹೊಂದಿಸುವುದು) ಸ್ವಲ್ಪ ಹೆಚ್ಚು ತೆರೆದಿಡಿ. ಮರಕ್ಕೆ ತಾಗಿಸದೆ ಪೂರ್ತಿ ಥ್ರಾಟಲ್ ಕೊಟ್ಟಾಗ ಸದ್ದು ಬುಡುಬುಡು ಎಂದು ಒಡೆಯುತ್ತಿರಬೇಕು, ಮರಕ್ಕೆ ಇಳಿಸಿದ ಕೂಡಲೇ ಅದು ಶುದ್ಧವಾಗಬೇಕು. ಖಾಲಿ ಓಡಿಸುವಾಗಲೇ ಸಿಳ್ಳೆಯಂತೆ ಏರಿದರೆ ಮಿಶ್ರಣ ತೆಳುವಾಗಿದೆ. ಆಫ್ ಮಾಡಿ, ಸ್ಕ್ರೂ ತೆರೆಯಿರಿ. ಸ್ಕ್ರೂ ತೆರೆದರೂ ಸದ್ದು ಬದಲಾಗದಿದ್ದರೆ ಮತ್ತೆ ಒತ್ತಡ ಪರೀಕ್ಷೆಗೆ.