ಸ್ಯಾಟ್ ತಯಾರಿಗೆ ಬ್ಲೂಬುಕ್ ಆ್ಯಪ್: ಮಗಳ ಜೊತೆ ಕೂತು ನೋಡಿದ್ದು

ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ, 1600 ಅಂಕದ ಸ್ಯಾಟ್ ಪರೀಕ್ಷೆಯ ತಯಾರಿಗೆ ಮಗಳನ್ನು ಕರೆದುಕೊಂಡು ನಾವು ಮೊದಲು ಹೋಗಿದ್ದು ಒಂದು ಕೋಚಿಂಗ್ ಸೆಂಟರ್‌ಗೆ. ‘1500 ದಾಟಿಸ್ತೀವಿ, ಐವಿ ಲೀಗ್‌ನಲ್ಲಿ ಸ್ಕಾಲರ್‌ಶಿಪ್ ಗ್ಯಾರಂಟಿ’ ಅಂದರು. ಐವಿ ಲೀಗ್ ಅಂದರೆ ಹಾರ್ವರ್ಡ್, ಯೇಲ್‌ನಂಥ ಎಂಟು ಹೆಸರಾಂತ ಕಾಲೇಜುಗಳು; ಅವು ಅಂಕ ನೋಡಿ ದುಡ್ಡು ಕೊಡುವುದೇ ಇಲ್ಲ, ಮನೆಯ ಆದಾಯ ನೋಡಿ ನೆರವು ಕೊಡುತ್ತವೆ ಅಂತ ಗೊತ್ತಾಗಿದ್ದು ಫೀಸು ಕಟ್ಟಿದ ಮೇಲೆ. ಬಹಳ ಬೇಜಾರಾಯಿತು. ಅಲ್ಲಿಂದ ಬಿಡಿಸಿ, ಸ್ಯಾಟ್ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯ ಉಚಿತ ಬ್ಲೂಬುಕ್ ಆ್ಯಪ್ ಹಾಕಿಕೊಂಡೆವು.

ನಿಜವಾದ ಪರೀಕ್ಷೆ ನಡೆಯುವುದೂ ಇದೇ ಆ್ಯಪ್‌ನಲ್ಲಿ. 98 ಪ್ರಶ್ನೆ, 2 ಗಂಟೆ 14 ನಿಮಿಷ, ನಡುವೆ 10 ನಿಮಿಷ ಬಿಡುವು, ಎಲ್ಲ ಹಾಗೇ. ಇಂಗ್ಲಿಷ್, ಗಣಿತ ಎರಡಕ್ಕೂ 800 ಅಂಕ, ಒಂದೊಂದರಲ್ಲೂ ಎರಡು ಮಾಡ್ಯೂಲ್, ಅಂದರೆ ಭಾಗ. ಮೊದಲ ಮಾಡ್ಯೂಲ್ ಚೆನ್ನಾಗಿ ಮಾಡಿದರೆ ಎರಡನೆಯದು ಕಷ್ಟದ್ದು ಬರುತ್ತದೆ. ಸುಲಭದ್ದು ಬಂತೋ, ಅದರಲ್ಲಿ ಎಲ್ಲ ಸರಿ ಬರೆದರೂ 800ರ ಹತ್ತಿರ ಹೋಗಲಾಗದು. ಗಣಿತದಲ್ಲಿ ಮಗಳು ಎಡವಿದ್ದು ಇಲ್ಲೇ: ಮೊದಲ ಮಾಡ್ಯೂಲನ್ನು ಅವಸರದಲ್ಲಿ ಮುಗಿಸಿ, ಉಳಿದ ಏಳು ನಿಮಿಷ ಸುಮ್ಮನೆ ಕೂತಿದ್ದಳು.

ಆಮೇಲೆ ಆ್ಯಪ್ ಒಳಗೇ ಇರುವ ಡೆಸ್ಮಾಸ್ ಕ್ಯಾಲ್ಕುಲೇಟರ್ ಕೈಗೆ ಹತ್ತಿತು. ಎರಡು ಸಮೀಕರಣ ಟೈಪ್ ಮಾಡಿದರೆ ಎರಡು ಗೆರೆ ಮೂಡುತ್ತವೆ. ಅವು ಸೇರುವಲ್ಲಿರುವ ಚುಕ್ಕಿ ಒತ್ತಿದರೆ ಉತ್ತರ. ಅರ್ಧ ಪುಟ ಲೆಕ್ಕ ಉಳಿಯಿತು. ಜೊತೆಗೆ ಖಾನ್ ಅಕಾಡೆಮಿಯ ಪಾಠ, ಅದೂ ಉಚಿತ. 1370 ಇದ್ದದ್ದು 1510 ಆಯಿತು.

ಆದರೆ ಆ 1510ಕ್ಕೆ ಎಲ್ಲ ಕಡೆ ಒಂದೇ ಬೆಲೆ ಇಲ್ಲ, ಅಪ್ಪ ಅಮ್ಮಂದಿರು ಇದನ್ನು ಮೊದಲೇ ತಿಳಿದಿರಬೇಕು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವರು ಪ್ರವೇಶಕ್ಕಾಗಲಿ ಸ್ಕಾಲರ್‌ಶಿಪ್‌ಗಾಗಲಿ ಸ್ಯಾಟ್ ನೋಡುವುದಿಲ್ಲ. ಎಂಐಟಿ 2022ರಲ್ಲಿ, ಡಾರ್ಟ್‌ಮತ್ 2024ರಲ್ಲಿ ಮತ್ತೆ ಕಡ್ಡಾಯ ಅಂತ ಘೋಷಿಸಿದವು. ಅಲ್ಲಿ ಅಂಕವಿಲ್ಲದೆ ಆಗುವುದಿಲ್ಲ, ಅಂಕವೊಂದರಿಂದಲೇ ಸೀಟೂ ಸಿಗುವುದಿಲ್ಲ. ಅಂಕಕ್ಕೆ ನೇರವಾಗಿ ದುಡ್ಡು ಬರುವುದು ಅಲಬಾಮಾ ವಿಶ್ವವಿದ್ಯಾಲಯದಂಥ ಕಡೆ. ಇಷ್ಟು ಸ್ಯಾಟ್, ಇಷ್ಟು ಜಿಪಿಎಗೆ (ಶಾಲೆಯ ಸರಾಸರಿ ಅಂಕ) ಇಷ್ಟು ದುಡ್ಡು ಅಂತ ಪಟ್ಟಿಯನ್ನೇ ಹಾಕಿರುತ್ತಾರೆ. ನಾವು ಕಾಲೇಜು ಆರಿಸುವಾಗ ಒಂದೊಂದರ ‘ಕಾಮನ್ ಡೇಟಾ ಸೆಟ್’ (ಕಾಲೇಜೇ ಪ್ರಕಟಿಸುವ ಪ್ರವೇಶದ ಅಂಕಿಅಂಶ) ತೆಗೆದು, ಸೇರಿದ ಮಕ್ಕಳ ಅಂಕ ಎಷ್ಟರಿಂದ ಎಷ್ಟರವರೆಗೆ ಇದೆ ಅಂತ ನೋಡಿದೆವು. 1510 ಅವರ ಮೇಲಿನ ಕಾಲು ಭಾಗದಲ್ಲಿ ಬರುವ ಕಾಲೇಜುಗಳಿಗೇ ಹೆಚ್ಚು ಅರ್ಜಿ ಹಾಕಿದೆವು, ಸ್ಕಾಲರ್‌ಶಿಪ್ ಬಂದದ್ದೂ ಅಲ್ಲಿಂದಲೇ.

ಬ್ಲೂಬುಕ್ ಫೋನಿನಲ್ಲಿ ನಡೆಯುವುದಿಲ್ಲ, ಲ್ಯಾಪ್‌ಟಾಪ್ ಅಥವಾ ಟ್ಯಾಬ್ಲೆಟ್ ಬೇಕು. ಪೂರ್ತಿ ಅಭ್ಯಾಸ ಪರೀಕ್ಷೆಗಳು ಇರುವುದು ಕೆಲವೇ. ನಾವು ಮೊದಲ ತಿಂಗಳಲ್ಲೇ ಎಲ್ಲ ಮುಗಿಸಿಬಿಟ್ಟೆವು. ನೀವು ಎರಡನ್ನಾದರೂ ಕೊನೆಯ ಎರಡು ವಾರಕ್ಕೆ ಎತ್ತಿಡಿ.